ಕಡತ ಠಾಣೆಯದು, ವಾದ ಸರ್ಕಾರಿ ವಕೀಲರದು: ಲೈಂಗಿಕ ದೌರ್ಜನ್ಯದ ಕೇಸು ಎಲ್ಲಿ ಸಿಕ್ಕಿಬೀಳುತ್ತದೆ?

ಲೈಂಗಿಕ ದೌರ್ಜನ್ಯದ ಕೇಸೊಂದು ಖುಲಾಸೆಯಾದ ದಿನ ಕೋರ್ಟಿನ ಜಗಲಿಯಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಆರೋಪಿಯನ್ನು ಹಿಡಿದು ತಂದುಕೊಟ್ಟಿದ್ದೆವು, ಪಿಪಿ ಸರಿಯಾಗಿ ನಡೆಸಲಿಲ್ಲ’ ಎನ್ನುತ್ತಾರೆ ಠಾಣೆಯವರು. ‘ಫೈಲಿನಲ್ಲಿ ಏನಿತ್ತು ಅಂತ ವಾದ ಮಾಡಲಿ?’ ಎನ್ನುತ್ತಾರೆ ಸರ್ಕಾರಿ ವಕೀಲರು. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿರುತ್ತದೆ. ನೊಂದ ಹುಡುಗಿಯ ಮನೆಯವರಿಗೆ ಮಾತ್ರ ಯಾರನ್ನು ಕೇಳಬೇಕೆಂಬುದೇ ತಿಳಿಯುವುದಿಲ್ಲ.

ಈ ಎಳೆದಾಟ ಯಾಕೆ ಹುಟ್ಟುತ್ತದೆ, ಎಲ್ಲಿ ಅದು ಒಳ್ಳೆಯದು, ಎಲ್ಲಿ ಕೇಸನ್ನೇ ಮುಳುಗಿಸುತ್ತದೆ ಎಂಬುದನ್ನು ತಿಳಿಯಲು ತಮಿಳುನಾಡಿನ ಧರ್ಮಪುರಿ ಜಿಲ್ಲೆಗಿಂತ ತಕ್ಕ ಜಾಗ ಕಡಿಮೆ. ಬೆಂಗಳೂರಿನಿಂದ ಸೇಲಂಗೆ ಹೋಗುವ ಹೆದ್ದಾರಿಯಲ್ಲಿ ಧರ್ಮಪುರಿ ದಾಟಿ ತೊಪ್ಪೂರು ಘಾಟಿಗೆ ಇಳಿಯುವ ಮೊದಲು ಸಿಗುವುದು ನಲ್ಲಂಪಳ್ಳಿ. ತಮಿಳಿನ ಜತೆಗೆ ಕನ್ನಡ, ತೆಲುಗು ಮನೆಮಾತಿನವರೂ ಇರುವ ಸೀಮೆ ಇದು. ಇದೇ ಜಿಲ್ಲೆಯ ಹರೂರು ಕಡೆ, ಸಿತ್ತೇರಿ ಬೆಟ್ಟದ ಬುಡದಲ್ಲಿ, ವಾಚಾತಿ ಎಂಬ ಊರಿದೆ. ಸರ್ಕಾರಿ ಸಿಬ್ಬಂದಿಯೇ ಆರೋಪಿಗಳಾದ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ದೇಶಕ್ಕೆ ದೊಡ್ಡ ಪಾಠ ಸಿಕ್ಕಿದ್ದು ಆ ಊರಿನಿಂದ.

ಎರಡು ಕಚೇರಿ, ಎರಡು ಹೊಣೆ

ಸಾಕ್ಷ್ಯ ಕೂಡಿಸುವುದು ಪೊಲೀಸರ ಕೆಲಸ. ಅದನ್ನು ನ್ಯಾಯಾಲಯದ ಮುಂದಿಟ್ಟು ವಾದಿಸುವುದು ಸರ್ಕಾರಿ ಅಭಿಯೋಜಕರ, ಕೋರ್ಟಿನ ಆಡುಮಾತಿನಲ್ಲಿ ‘ಪಿಪಿ’ಯ, ಕೆಲಸ. ಈ ಎರಡನ್ನೂ ಬೇರೆ ಮಾಡಿದ್ದು ಬೇಕೆಂದೇ. ಬ್ರಿಟಿಷರ ಕಾಲದ 1898ರ ದಂಡ ಪ್ರಕ್ರಿಯಾ ಸಂಹಿತೆಯಡಿ ಕೆಳ ಕೋರ್ಟುಗಳಲ್ಲಿ ಪೊಲೀಸ್ ಅಧಿಕಾರಿಗಳೇ ಕೇಸು ನಡೆಸುತ್ತಿದ್ದರು. ಇದು ತಪ್ಪು, ತನಿಖೆ ಮಾಡಿದ ಇಲಾಖೆಯೇ ವಾದಕ್ಕೂ ನಿಲ್ಲಬಾರದು ಎಂದು 1958ರಲ್ಲಿ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಹೇಳಿತು. 1973ರ ಸಂಹಿತೆ ಅದನ್ನು ಒಪ್ಪಿಕೊಂಡಿತು. ಅಭಿಯೋಜಕರಿಗೆ ಪೊಲೀಸ್ ಇಲಾಖೆಯಿಂದ ಹೊರತಾದ ಪ್ರತ್ಯೇಕ ವೃಂದ ಇರಲೇಬೇಕೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಆದೇಶಿಸಿತು. 2005ರ ತಿದ್ದುಪಡಿ ಅಭಿಯೋಜನಾ ನಿರ್ದೇಶನಾಲಯಕ್ಕೆ ದಾರಿ ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, 20ನೇ ಕಲಮಿನಲ್ಲಿ ಆ ನಿರ್ದೇಶನಾಲಯದ ಕೆಲಸವನ್ನು ಶಿಕ್ಷೆಯ ಪ್ರಮಾಣಕ್ಕೆ ತಕ್ಕಂತೆ ಹಂಚಿದೆ. ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಪ್ರಕರಣಗಳ ಮೇಲೆ ಖುದ್ದು ನಿರ್ದೇಶಕರೇ ಕಣ್ಣಿಡಬೇಕು.

ಅಭಿಯೋಜಕರು ಪೊಲೀಸರ ವಕೀಲರಲ್ಲ. ಹೇಗಾದರೂ ಶಿಕ್ಷೆ ಕೊಡಿಸುವುದು ಅವರ ಕೆಲಸವಲ್ಲ, ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನೂ ಮುಚ್ಚಿಡದೆ ನ್ಯಾಯಾಲಯಕ್ಕೆ ನೆರವಾಗಬೇಕು ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತನಿಖಾಧಿಕಾರಿಗೆ, ಠಾಣೆಯ ಭಾಷೆಯಲ್ಲಿ ‘ಐಒ’ಗೆ, ಇದು ಹಿಡಿಸುವ ಮಾತಲ್ಲ. ‘ನಮ್ಮ ಕಡೆಯವರೇ ನಮ್ಮ ಫೈಲಿನಲ್ಲಿ ತಪ್ಪು ಹುಡುಕುತ್ತಾರೆ’ ಎಂಬ ಮುನಿಸಿನ ಬೇರು ಇಲ್ಲಿದೆ.

ಇನ್ನೊಂದು ಬೇರು ಅಧಿಕಾರದ್ದು. ಇಂಗ್ಲೆಂಡಿನಲ್ಲಿ ಗಂಭೀರ ಪ್ರಕರಣಗಳಲ್ಲಿ ಯಾರ ಮೇಲೆ ಯಾವ ಆರೋಪ ಹೊರಿಸಬೇಕೆಂದು ತೀರ್ಮಾನಿಸುವುದು 1986ರಲ್ಲಿ ಶುರುವಾದ ಸ್ವತಂತ್ರ ಅಭಿಯೋಜನಾ ಸಂಸ್ಥೆ. ನಮ್ಮಲ್ಲಿ ದೋಷಾರೋಪ ಪಟ್ಟಿ, ಅಂದರೆ ಚಾರ್ಜ್‌ಶೀಟ್, ಸಲ್ಲಿಸುವುದು ಪೊಲೀಸರು. ಈ ಗೆರೆಯನ್ನು ಕಡುವಾಗಿ ಎಳೆದದ್ದು ತಮಿಳುನಾಡಿನಿಂದಲೇ ಹೋದ ಒಂದು ಪ್ರಕರಣ. ಮದುವೆಯಾಗಿ ಕೆಲವೇ ತಿಂಗಳಲ್ಲಿ ತೀರಿಕೊಂಡ ಹೆಣ್ಣುಮಗಳ ತಂದೆ, ಚಾರ್ಜ್‌ಶೀಟಿನಲ್ಲಿ ಎಲ್ಲರ ಹೆಸರೂ ಬಂದಿಲ್ಲವೆಂದು ಮದ್ರಾಸ್ ಹೈಕೋರ್ಟಿಗೆ ಹೋದರು. ಕಡತವನ್ನು ಸರ್ಕಾರಿ ಅಭಿಯೋಜಕರ ಮುಂದಿಟ್ಟು, ಅವರ ಅಭಿಪ್ರಾಯದಂತೆ ಪಟ್ಟಿ ತಿದ್ದಿ ಸಲ್ಲಿಸಿ ಎಂದಿತು ಹೈಕೋರ್ಟ್. 2000ದಲ್ಲಿ ‘ಆರ್. ಸರಳಾ ವಿರುದ್ಧ ಟಿ.ಎಸ್. ವೇಲು’ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಐಒ ಬೇಕೆಂದರೆ ಪಿಪಿಯ ಸಲಹೆ ಕೇಳಬಹುದು, ಆದರೆ ಪಿಪಿ ಹೇಳಿದಂತೆಯೇ ಪಟ್ಟಿ ಬರೆಯಬೇಕೆಂದು ಯಾರೂ ಕಟ್ಟುಮಾಡುವಂತಿಲ್ಲ ಎಂಬುದು ಅದರ ಸಾರ.

ಹೀಗಾಗಿ ಪಟ್ಟಿ ಕೋರ್ಟಿಗೆ ಬರುವವರೆಗೆ ಪಿಪಿ ಸಲಹೆಗಾರರು, ಬಂದ ಮರುಕ್ಷಣದಿಂದ ಸೋಲು ಗೆಲುವಿನ ಹೊಣೆ ಅವರ ಹೆಗಲಿಗೆ. ಅಡುಗೆ ಒಬ್ಬರದು, ಬಡಿಸಿ ಬೈಸಿಕೊಳ್ಳುವವರು ಇನ್ನೊಬ್ಬರು.

ಪೊಲೀಸರೇ ಆರೋಪಿಗಳಾದಾಗ

1992 ತಮಿಳುನಾಡಿನ ಮೊದಲ ಮಹಿಳಾ ಠಾಣೆ ಚೆನ್ನೈನಲ್ಲಿ ತೆರೆದ ವರ್ಷ. ಅದೇ ವರ್ಷದ ಜೂನ್ 20ರಂದು ಗಂಧದ ಮರ ಕಳ್ಳಸಾಗಣೆ ಹುಡುಕುವ ಹೆಸರಿನಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ದೊಡ್ಡ ದಂಡು ವಾಚಾತಿಗೆ ನುಗ್ಗಿತು. ಊರಿನವರು ಮಲಯಾಳಿ ಎಂಬ ಪರಿಶಿಷ್ಟ ಬುಡಕಟ್ಟಿನವರು. ಅವರನ್ನು ಆಲದ ಮರದಡಿ ಕೂಡಿಹಾಕಿ ಹೊಡೆದರು, ಮನೆಗಳನ್ನು ಲೂಟಿ ಮಾಡಿ ಹಾಳುಗೆಡವಿದರು. 18 ಹೆಣ್ಣುಮಕ್ಕಳನ್ನು ಕೆರೆಯ ಕಡೆಗೆ ಎಳೆದೊಯ್ದು ಅತ್ಯಾಚಾರ ಮಾಡಿದರು. ಆಮೇಲೆ ಕಳ್ಳಸಾಗಣೆಯ ಕೇಸು ಹಾಕಿ ಊರಿನ ಹೆಂಗಸರನ್ನೂ ಮಕ್ಕಳನ್ನೂ ಸೇಲಂ ಜೈಲಿಗೆ ಕಳಿಸಿದರು.

ಆಗ ದೂರು ಕೊಡಬೇಕಿದ್ದುದು ಯಾರಿಗೆ? ದಾಳಿಗೆ ಹೋದ ಅದೇ ಇಲಾಖೆಗೆ. ಸ್ಥಳೀಯ ಠಾಣೆ ದೂರನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಂಥ ಹೊತ್ತಿನಲ್ಲಿ ಸರ್ಕಾರಿ ಅಭಿಯೋಜಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಕೈಕಟ್ಟಿ ಕೂರಬೇಕು. ಎಫ್‌ಐಆರ್ ಇಲ್ಲದೆ ತನಿಖೆಯಿಲ್ಲ, ತನಿಖೆಯಿಲ್ಲದೆ ಪಟ್ಟಿಯಿಲ್ಲ, ಪಟ್ಟಿಯಿಲ್ಲದೆ ಅವರಿಗೆ ಕೆಲಸವಿಲ್ಲ. ಬೀಗ ತೆಗೆಸಿದ್ದು ಹೈಕೋರ್ಟ್. ಬುಡಕಟ್ಟು ಜನರ ಸಂಘ ಮತ್ತು ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷ ಬೆನ್ನುಹತ್ತಿದವು, ಪಕ್ಷದ ಅಂದಿನ ರಾಜ್ಯ ಕಾರ್ಯದರ್ಶಿ ಎ. ನಲ್ಲಶಿವನ್ ಅರ್ಜಿ ಹಾಕಿದರು. 1995ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ತನಿಖೆಯೂ ಅಭಿಯೋಜನೆಯೂ ಜಿಲ್ಲೆಯ ಹಿಡಿತದಿಂದ ಒಟ್ಟಿಗೇ ಆಚೆ ಹೋದದ್ದು ಇಲ್ಲಿನ ಮುಖ್ಯ ತಿರುವು. ಸಿಬಿಐಗೆ ಅದರದೇ ಅಭಿಯೋಜಕರಿರುತ್ತಾರೆ.

ಆರೋಪಿಗಳು 269 ಮಂದಿ: ಅರಣ್ಯ ಇಲಾಖೆಯ 155, ಪೊಲೀಸ್ ಇಲಾಖೆಯ 108, ಕಂದಾಯ ಇಲಾಖೆಯ 6. ವಿಚಾರಣೆ ಮುಗಿಯುವಷ್ಟರಲ್ಲಿ 54 ಮಂದಿ ತೀರಿಕೊಂಡಿದ್ದರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ಸೆಷನ್ಸ್ ನ್ಯಾಯಾಲಯ ಉಳಿದ 215 ಮಂದಿಯನ್ನೂ ದೋಷಿಗಳೆಂದಿತು. ಅವರಲ್ಲಿ 17 ಮಂದಿಯ ಮೇಲೆ ಅತ್ಯಾಚಾರದ ಆರೋಪ ಸಾಬೀತಾಯಿತು. ಮೇಲ್ಮನವಿ ಕೇಳಿದ ಹೈಕೋರ್ಟ್ ನ್ಯಾಯಮೂರ್ತಿ ಪಿ. ವೇಲ್ಮುರುಗನ್ 2023ರ ಮಾರ್ಚ್‌ನಲ್ಲಿ ಖುದ್ದು ವಾಚಾತಿಗೆ ಹೋಗಿ ಜಾಗ ನೋಡಿ ಬಂದರು. ಅದೇ ವರ್ಷ ಸೆಪ್ಟೆಂಬರ್ 29ರಂದು ಎಲ್ಲ ಮೇಲ್ಮನವಿಗಳನ್ನೂ ವಜಾ ಮಾಡಿದರು. ಅತ್ಯಾಚಾರಕ್ಕೊಳಗಾದ 18 ಮಂದಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಅದರಲ್ಲಿ 5 ಲಕ್ಷವನ್ನು ಅತ್ಯಾಚಾರದ ದೋಷಿಗಳಿಂದ ವಸೂಲು ಮಾಡಬೇಕು, ಅಂದಿನ ಜಿಲ್ಲಾಧಿಕಾರಿ, ಎಸ್‌ಪಿ ಮತ್ತು ಜಿಲ್ಲಾ ಅರಣ್ಯಾಧಿಕಾರಿಯ ಮೇಲೂ ಕ್ರಮ ಜರುಗಿಸಬೇಕು ಎಂದು ಆದೇಶಿಸಿದರು.

ಆರೋಪ ಹೊತ್ತ ಇಲಾಖೆಯ ಕೈಯಲ್ಲೇ ತನಿಖೆ ಇರಬಾರದೆಂಬ ತತ್ವ ವಾಚಾತಿಯಲ್ಲಿ ಉಳಿದುಕೊಂಡಿತು. ಅದು ನೆಲಕ್ಕೆ ಇಳಿಯಲು ಮಾತ್ರ 31 ವರ್ಷ ಹಿಡಿಯಿತು.

ಮಾಮೂಲಿ ಕೇಸಿನಲ್ಲಿ ತಿಕ್ಕಾಟ ಹುಟ್ಟುವ ಜಾಗಗಳು

ಎಲ್ಲ ಕೇಸೂ ವಾಚಾತಿಯಲ್ಲ. ನಲ್ಲಂಪಳ್ಳಿಯ ಹಳ್ಳಿಯೊಂದರಿಂದ ಒಂದು ದೂರು ಹೊರಟರೆ ಅದು ಠಾಣೆ, ಸರ್ಕಾರಿ ಆಸ್ಪತ್ರೆ, ಮ್ಯಾಜಿಸ್ಟ್ರೇಟ್, ವಿಧಿವಿಜ್ಞಾನ ಪ್ರಯೋಗಾಲಯ (ಎಫ್‌ಎಸ್‌ಎಲ್), ಕೊನೆಗೆ ಧರ್ಮಪುರಿಯ ನ್ಯಾಯಾಲಯ ಎಂದು ಕೈಯಿಂದ ಕೈಗೆ ದಾಟುತ್ತದೆ. ಪ್ರತಿ ದಾಟಿನಲ್ಲೂ ಒಂದೊಂದು ಎಡವುಗಲ್ಲಿದೆ.

ಮೊದಲನೆಯದು ಎಫ್‌ಐಆರ್. ಅದರ ಒಂದೊಂದು ಸಾಲನ್ನೂ ಎದುರು ವಕೀಲರು ಪಾಟೀಸವಾಲಿನಲ್ಲಿ ಎಳೆದಾಡುತ್ತಾರೆ. ಬರೆಯುವಾಗ ಠಾಣೆಯ ಬರಹಗಾರರಿಗೆ ಅದರ ಅರಿವು ಇರುವುದಿಲ್ಲ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಆವರಣದಲ್ಲಿ 2024ರ ಡಿಸೆಂಬರ್‌ನಲ್ಲಿ ನಡೆದ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಎಫ್‌ಐಆರ್ ಸಾರ್ವಜನಿಕವಾಗಿ ಸೋರಿಹೋಯಿತು. ಅದರ ಭಾಷೆ ನೊಂದ ಹುಡುಗಿಯನ್ನೇ ದೂರುವಂತಿದೆ ಎಂದು ಮದ್ರಾಸ್ ಹೈಕೋರ್ಟ್ ಗದರಿತು. ಮಹಿಳಾ ಐಪಿಎಸ್ ಅಧಿಕಾರಿಗಳ ವಿಶೇಷ ತಂಡಕ್ಕೆ ತನಿಖೆ ವಹಿಸಿ, 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಲು ಹೇಳಿತು. ತನಿಖೆ ಕೈ ಬದಲಾದ ಮೇಲೆ 2025ರ ಮೇ 28ರಂದು ಆರೋಪಿ ದೋಷಿಯೆಂದು ತೀರ್ಪಾಯಿತು.

ಎರಡನೆಯದು ವಯಸ್ಸು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ ಅನ್ವಯಿಸಲು ನೊಂದವರಿಗೆ 18 ತುಂಬಿಲ್ಲವೆಂದು ತೋರಿಸಬೇಕು. ಪೊಲೀಸರು ಕೈಗೆ ಸಿಕ್ಕ ಆಧಾರ್ ಕಾರ್ಡಿನ ಪ್ರತಿಯನ್ನೋ ವರ್ಗಾವಣೆ ಪತ್ರವನ್ನೋ ಕಡತಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಬಾಲ ನ್ಯಾಯ ಕಾಯ್ದೆಯ 94ನೇ ಕಲಮು ಕೇಳುವುದೇ ಬೇರೆ: ಶಾಲೆ ಕೊಟ್ಟ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಹತ್ತನೇ ತರಗತಿಯ ಅಂಕಪಟ್ಟಿ, ಅವಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ತಮಿಳುನಾಡಿನ ‘ಪಿ. ಯುವಪ್ರಕಾಶ್’ ಪ್ರಕರಣದಲ್ಲಿ ಶಾಲೆಯ ವರ್ಗಾವಣೆ ಪತ್ರವೇ ಮುಖ್ಯ ಆಧಾರವಾಗಿತ್ತು. ಅದು ಕಾನೂನು ಕೇಳುವ ದಾಖಲೆಯಲ್ಲ ಎಂದು 2023ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಪೋಕ್ಸೊ ಶಿಕ್ಷೆಯನ್ನು ತೆಗೆದುಹಾಕಿತು. ಪಟ್ಟಿ ಸಲ್ಲಿಸುವ ಮೊದಲು ಪಿಪಿ ಒಮ್ಮೆ ಕಡತ ನೋಡಿ, ‘ಜನನ ಪ್ರಮಾಣಪತ್ರ ತರಿಸಿ, ಮುಖ್ಯೋಪಾಧ್ಯಾಯರನ್ನು ಸಾಕ್ಷಿ ಮಾಡಿ’ ಎಂದು ಬರೆದುಕೊಟ್ಟರೆ ಸರಿಹೋಗುವ ದೋಷ ಇದು. ವಿಚಾರಣೆ ಮುಗಿದ ಮೇಲೆ ಯಾರಿಂದಲೂ ಸರಿಮಾಡಲಾಗದು.

ಮೂರನೆಯದು ಹೇಳಿಕೆ. ಪೊಲೀಸರು ಬರೆದುಕೊಂಡ ಹೇಳಿಕೆಯೂ ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಯೂ ಒಂದಕ್ಕೊಂದು ತಾಳೆಯಾಗದಿದ್ದರೆ ಎದುರು ಪಕ್ಷಕ್ಕೆ ಹಬ್ಬ. ತಿಪಟೂರು ತಾಲ್ಲೂಕಿನ ನೊಣವಿನಕೆರೆ ಠಾಣೆಯ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ಹೇಳಿತು. ಅತ್ಯಾಚಾರದ ಮಾಹಿತಿ ಬಂದ ಕೂಡಲೇ ನೊಂದವರನ್ನು ಹತ್ತಿರದ, ಸಾಧ್ಯವಾದರೆ ಮಹಿಳಾ, ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಬೇಕು. 24 ಗಂಟೆಗಿಂತ ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು. ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಸಿಕ್ಕು ಸೇರುತ್ತದೆ. ಮನೆಯಲ್ಲಿ ಕನ್ನಡವಾಡುವ ಮಗುವಿನ ಮಾತು ಠಾಣೆಯ ತಮಿಳಿನಲ್ಲಿ ಕಾಗದಕ್ಕಿಳಿದಾಗ ‘ಮುಟ್ಟಿದ’, ‘ಹಿಡಿದ’, ‘ಎಳೆದ’ ಎಂಬ ಮಾತುಗಳ ಅಂತರ ಕಳೆದುಹೋಗಬಹುದು. ಯಾವ ಕಲಮು ಹಚ್ಚಬೇಕೆಂಬುದು ಆ ಅಂತರದ ಮೇಲೇ ನಿಂತಿದೆ. ಪೋಕ್ಸೊದ 26ನೇ ಕಲಮು ಅನುವಾದಕರ ನೆರವು ಪಡೆಯಲು ಅವಕಾಶ ಕೊಡುತ್ತದೆ. ಕೇಳಿದರೆ ಸಿಗುತ್ತದೆ, ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ.

ನಾಲ್ಕನೆಯದು ಗಡುವು. ಅತ್ಯಾಚಾರ ಮತ್ತು ಪೋಕ್ಸೊದ ಮುಖ್ಯ ಅಪರಾಧಗಳ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು ಎನ್ನುತ್ತದೆ ಬಿಎನ್‌ಎಸ್‌ಎಸ್‌ನ 193ನೇ ಕಲಮು. ಘೋರ ಅಪರಾಧಗಳಲ್ಲಿ 90 ದಿನದೊಳಗೆ, ಉಳಿದವುಗಳಲ್ಲಿ 60 ದಿನದೊಳಗೆ ಪಟ್ಟಿ ಬರದಿದ್ದರೆ ಜೈಲಿನಲ್ಲಿರುವ ಆರೋಪಿಗೆ ತಾನಾಗಿಯೇ ಜಾಮೀನಿನ ಹಕ್ಕು ಹುಟ್ಟುತ್ತದೆ. ಐಒ ಈ ಗಡಿಯಾರಕ್ಕೆ ಹೆದರಿ, ‘ಎಫ್‌ಎಸ್‌ಎಲ್ ವರದಿ ಬಾಕಿ’ ಎಂದು ಷರಾ ಬರೆದು ಪಟ್ಟಿ ಸಲ್ಲಿಸುತ್ತಾರೆ. ಪೊಲೀಸರ ಲೆಕ್ಕದಲ್ಲಿ ಅಲ್ಲಿಗೆ ಕೆಲಸ ಮುಗಿಯಿತು. ಪಿಪಿಯ ಕಷ್ಟ ಅಲ್ಲಿಂದಲೇ ಶುರು. ಪೋಕ್ಸೊ ಪ್ರಕಾರ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ಮುಗಿಯಬೇಕು, ಕಡತದಲ್ಲಿ ಡಿಎನ್‌ಎ ವರದಿಯೇ ಇಲ್ಲ! ಮುಂದುವರಿದ ತನಿಖೆಗೆ ಅವಕಾಶವಿದ್ದರೂ, ವಿಚಾರಣೆ ನಡೆಯುತ್ತಿರುವಾಗ ಅದಕ್ಕೆ ನ್ಯಾಯಾಲಯದ ಅಪ್ಪಣೆ ಬೇಕು.

ಐದನೆಯದು ಜಾಮೀನು. ಆಕ್ಷೇಪಣೆಗೆ ಬೇಕಾದ ವಿವರ ಕೊಡಬೇಕಾದವರು ಠಾಣೆಯವರು, ಓದಿ ವಾದಿಸಬೇಕಾದವರು ಪಿಪಿ. ಠಾಣೆಯ ಕಾಗದ ತಡವಾಗಿ ಬಂದರೆ ಪಿಪಿ ಕಾಲಾವಕಾಶ ಕೇಳಬೇಕು, ಇಲ್ಲವೇ ಬರಿಗೈಯಲ್ಲಿ ನಿಲ್ಲಬೇಕು.

ಇವೆಲ್ಲಕ್ಕೂ ಹಿನ್ನೆಲೆಯಲ್ಲಿ ನೇಮಕಾತಿಯ ರಾಜಕೀಯವಿದೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ಸಹಾಯಕ ಅಭಿಯೋಜಕರು ಸಾಮಾನ್ಯವಾಗಿ ಖಾಯಂ ನೌಕರರು. ಸೆಷನ್ಸ್ ಕೋರ್ಟಿನ ಪಿಪಿಗಳನ್ನು ವಕೀಲರ ನಡುವಿನಿಂದ ಸರ್ಕಾರ ಆರಿಸುವುದರಿಂದ, ಸರ್ಕಾರ ಬದಲಾದಾಗ ಅವರೂ ಬದಲಾಗುವುದು ಮಾಮೂಲು. ಅತ್ತ ಐಒಗೂ ವರ್ಗಾವಣೆ. ತನಿಖೆ ಮಾಡಿದವರೂ ವಾದ ಮಾಡುವವರೂ ಒಬ್ಬರನ್ನೊಬ್ಬರು ಕಂಡೇ ಇರದ ಕೇಸುಗಳಿಗೆ ಕೊರತೆಯಿಲ್ಲ.

ಬಿದ್ದ ಮೇಲೆ ಲೆಕ್ಕ ಕೇಳುವವರು

ಗುಜರಾತಿನಲ್ಲಿ ಆರು ವರ್ಷದ ಮಗುವಿನ ಮೇಲೆ ಅತ್ಯಾಚಾರ ಮಾಡಿ ಕೊಂದ ಪ್ರಕರಣದ ಆರೋಪಿಯ ಬಿಡುಗಡೆಯನ್ನು 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಬೇಕಾಗಿ ಬಂತು. ತನಿಖೆಯಲ್ಲೂ ಅಭಿಯೋಜನೆಯಲ್ಲೂ ಅಷ್ಟೊಂದು ತೂತುಗಳಿದ್ದವು. ‘ಗುಜರಾತ್ ಸರ್ಕಾರ ವಿರುದ್ಧ ಕಿಶನ್‌ಭಾಯಿ’ ಎಂಬ ಆ ತೀರ್ಪಿನಲ್ಲಿ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಎರಡು ಸೂಚನೆ ಕೊಟ್ಟಿತು. ಒಂದು, ತನಿಖೆ ಮುಗಿದ ಮೇಲೆ ಅಭಿಯೋಜನಾ ಇಲಾಖೆ ಸ್ವತಂತ್ರವಾಗಿ ಕಡತ ನೋಡಿ ಕೊರತೆಗಳನ್ನು ಸರಿಪಡಿಸಬೇಕು, ಬೇಕಾದರೆ ಮತ್ತಷ್ಟು ತನಿಖೆ ಮಾಡಿಸಬೇಕು. ಇನ್ನೊಂದು, ಪ್ರತಿಯೊಂದು ಖುಲಾಸೆಯನ್ನೂ ಪೊಲೀಸ್ ಮತ್ತು ಅಭಿಯೋಜನಾ ಇಲಾಖೆಗಳ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿ ಪರಿಶೀಲಿಸಬೇಕು, ತಪ್ಪು ಯಾರದೆಂದು ಗುರುತಿಸಿ ಶಿಸ್ತುಕ್ರಮ ಜರುಗಿಸಬೇಕು.

ಸರಳಾ ತೀರ್ಪನ್ನೂ ಇದನ್ನೂ ಜತೆಗಿಟ್ಟು ಓದಿದರೆ ನಿಲುವು ತಿಳಿಯಾಗುತ್ತದೆ. ಪಿಪಿಯ ಮಾತು ಪೊಲೀಸರಿಗೆ ಆಜ್ಞೆಯಲ್ಲ. ಆದರೆ ಪಿಪಿ ನೋಡದೆ ಕಡತ ಕೋರ್ಟಿಗೆ ಹೋಗುವುದೂ ಸಲ್ಲದು. ಇಬ್ಬರ ಭಿನ್ನಮತ ಕಾಗದದ ಮೇಲೆ, ಪಟ್ಟಿ ಸಲ್ಲಿಕೆಗೆ ಮೊದಲು ನಡೆಯಬೇಕು. ಸಾಕ್ಷಿಕಟ್ಟೆಯಲ್ಲಿ ಮಗು ನಿಂತಿರುವಾಗ ನಡೆಯಬಾರದು.

ಇಬ್ಬರೂ ಒಂದೇ ಕಡೆಗೆ ನಡೆದಾಗ ಫಲ ಕಾಣುತ್ತದೆ. ಹಲವು ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ, ತಮಿಳುನಾಡಿನ ಪೊಳ್ಳಾಚ್ಚಿ ಪ್ರಕರಣ 2019ರಲ್ಲಿ ಶುರುವಾದದ್ದೇ ಕೆಟ್ಟದಾಗಿ. ಜಿಲ್ಲೆಯ ಎಸ್‌ಪಿಯೇ ನೊಂದವರ ಹೆಸರನ್ನು ಪತ್ರಿಕೆಯವರ ಮುಂದೆ ಹೇಳಿಬಿಟ್ಟರು, ಸಿಬಿಐಗೆ ವಹಿಸಿದ ಸರ್ಕಾರಿ ಆದೇಶದಲ್ಲೂ ಹೆಸರು ಬಂತು. ಹಾಗೆ ಹೆಸರು ಬಯಲಾದ ಮೇಲೆ ಬೇರೆ ಹೆಣ್ಣುಮಕ್ಕಳು ಮುಂದೆ ಬರುವುದಾದರೂ ಹೇಗೆ? ಆದರೂ 2025ರ ಮೇ 13ರಂದು ಕೊಯಮತ್ತೂರಿನ ಮಹಿಳಾ ನ್ಯಾಯಾಲಯ ಒಂಬತ್ತೂ ಆರೋಪಿಗಳಿಗೆ ಸಾಯುವವರೆಗೆ ಜೈಲು ವಿಧಿಸಿತು. ಸಾಕ್ಷಿಗಳಲ್ಲಿ ಒಬ್ಬರೂ ಉಲ್ಟಾ ಹೊಡೆಯಲಿಲ್ಲ ಎಂದು ಸಿಬಿಐ ಪರ ಅಭಿಯೋಜಕರು ಅಂದು ಹೇಳಿದರು. ಕರ್ನಾಟಕದಲ್ಲಿ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರ ಮೇಲಿನ ಪ್ರಕರಣಗಳಿಗೆ 2024ರಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚನೆಯಾಯಿತು, ವಿಶೇಷ ಸರ್ಕಾರಿ ಅಭಿಯೋಜಕರ ನೇಮಕವೂ ಆಯಿತು. ಮೊದಲ ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ನೊಂದವರ ಸೀರೆಯ ಮೇಲಿನ ಡಿಎನ್‌ಎ ಮುಖ್ಯ ಸಾಕ್ಷ್ಯವಾಯಿತು. ಸುದ್ದಿಯಾದ ಕೇಸಿಗೆ ಸಿಗುವ ಈ ಜೋಡಣೆ ಹಳ್ಳಿಯ ಕೂಲಿಕಾರರ ಮಗಳ ಕೇಸಿಗೂ ಸಿಗಬೇಕು. ತಾನಾಗಿ ಸಿಗುವುದಿಲ್ಲವಾದ್ದರಿಂದ ಮನೆಯವರು ಮಾಡಬಹುದಾದ ಕೆಲವು ಕೆಲಸಗಳಿವೆ.

ಮನೆಯವರು ಯಾವ ಬಾಗಿಲು ತಟ್ಟಬೇಕು?

ದೂರು ತೆಗೆದುಕೊಳ್ಳದಿದ್ದರೆ: ಯಾವ ಠಾಣೆಯಲ್ಲಾದರೂ ‘ಝೀರೊ ಎಫ್‌ಐಆರ್’ ಕೊಡಬಹುದು. ನಿರಾಕರಿಸಿದರೆ ಬರಹದಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ಇಂಥ ದೂರು ದಾಖಲಿಸದ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಮಿನಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲಾಗಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ. ಮನೆಗೆ ಬಂದು ಓದಿ, ತಪ್ಪಿದ್ದರೆ ಕೂಡಲೇ ಬರೆದುಕೊಡಿ.

ಹೇಳಿಕೆ ಕೊಡುವಾಗ: ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟು ಮಟ್ಟಿಗೆ ಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕು. ಮಗು ಕನ್ನಡದಲ್ಲಿ ಹೇಳುವುದಾದರೆ ಅನುವಾದಕರು ಬೇಕೆಂದು ಬರೆದು ಕೇಳಿ.

ತನಿಖೆ ನಡೆಯುವಾಗ: ಜನನ ಪ್ರಮಾಣಪತ್ರದ ಮೂಲ ಪ್ರತಿಯನ್ನು ನೀವೇ ಹುಡುಕಿ ಕೊಟ್ಟು, ಕೊಟ್ಟದ್ದಕ್ಕೆ ಸಹಿ ಪಡೆಯಿರಿ. 90 ದಿನದೊಳಗೆ ತನಿಖೆಯ ಪ್ರಗತಿಯನ್ನು ದೂರುದಾರರಿಗೆ ಅಥವಾ ನೊಂದವರಿಗೆ ತಿಳಿಸುವುದು ಈಗ ಪೊಲೀಸರ ಕರ್ತವ್ಯ. ಏನಾದರೂ ಬಿಟ್ಟುಹೋಗಿದ್ದರೆ ಐಒಗೆ ಅರ್ಜಿ ಬರೆದು, ಅದರ ಪ್ರತಿಯನ್ನು ಎಸ್‌ಪಿಗೂ ಪಿಪಿಗೂ ಕೊಡಿ. ಮೂರೂ ಕಡೆ ಸ್ವೀಕೃತಿಯ ಮೊಹರು ಹಾಕಿಸಿ. ‘ನನಗೆ ಗೊತ್ತಿರಲಿಲ್ಲ’ ಎನ್ನಲು ಆಗ ಇಬ್ಬರಿಗೂ ಬಾಯಿಲ್ಲ.

ಕೋರ್ಟಿನಲ್ಲಿ: ಪ್ರತಿ ಹಂತದಲ್ಲೂ ನೊಂದವರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಜಾಮೀನು ಅರ್ಜಿಯ ದಿನ ಹಾಜರಿರಿ. ಪಿಪಿಗೆ ನೆರವಾಗಲು ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ನ್ಯಾಯಾಲಯದ ಅನುಮತಿ ಕೇಳಬಹುದು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಮಕ್ಕಳ ಸಹಾಯವಾಣಿ 1098. ಸಾಕ್ಷಿ ಹೇಳುವ ದಿನಕ್ಕೆ ಮೊದಲೇ ಒಮ್ಮೆ ಪಿಪಿಯನ್ನು ಕಾಣಿ. ಪೋಕ್ಸೊ ಕೋರ್ಟಿನಲ್ಲಿ ಪಿಪಿಯಾಗಲಿ ಎದುರು ವಕೀಲರಾಗಲಿ ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು ಎಂಬುದನ್ನು ಮಗುವಿಗೆ ತಿಳಿಸಿದರೆ ಅದರ ಅರ್ಧ ಹೆದರಿಕೆ ಇಳಿಯುತ್ತದೆ.

ಸರ್ಕಾರ ಕೇಸು ಹಿಂತೆಗೆಯಲು ಹೊರಟರೆ ನೊಂದವರ ಮಾತು ಕೇಳದೆ ಅನುಮತಿ ಕೊಡುವಂತಿಲ್ಲ. ಖುಲಾಸೆಯಾದರೆ, ಸರ್ಕಾರ ಸುಮ್ಮನಿದ್ದರೂ, ನೊಂದವರೇ ಮೇಲ್ಮನವಿ ಹಾಕಬಹುದು. ಬಿಎನ್‌ಎಸ್‌ಎಸ್‌ನ 413ನೇ ಕಲಮು ಆ ಹಕ್ಕು ಕೊಟ್ಟಿದೆ. ಜತೆಗೆ, ಕಿಶನ್‌ಭಾಯಿ ತೀರ್ಪಿನಂತೆ ಈ ಖುಲಾಸೆಯನ್ನು ಪರಿಶೀಲಿಸಿದಿರಾ, ಲೋಪ ಯಾರದೆಂದು ಕಂಡಿರಿ ಎಂದು ಗೃಹ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಠಾಣೆ ಮತ್ತು ಪಿಪಿ ಕಚೇರಿ ಪರಸ್ಪರ ಬೆರಳು ತೋರಿಸುವ ಪ್ರಶ್ನೆಗೆ ಇಲಾಖೆಯೇ ಲಿಖಿತ ಉತ್ತರ ಕೊಡಬೇಕಾಗಿ ಬರುವುದು ಆಗಲೇ.